16 ದೋಸೆ ನೆನಪಿತ್ತು, 1 ಗುಳಿಗೆ ಮರೆಯಿತು: ದಾವಣಗೆರೆಯ ಒಂದು ಪ್ರಕರಣ

ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲೊಂದರಲ್ಲಿ 19 ವರ್ಷದಿಂದ ಸಪ್ಲೈಯರ್ ಆಗಿರುವ 43 ವರ್ಷದವರೊಬ್ಬರ ಪ್ರಕರಣ ಇದು. ಗುರುತು ಸಿಗಬಾರದೆಂದು ಹೆಸರು, ಓಣಿ, ಹೋಟೆಲು ಬಿಟ್ಟಿದೆ. ಇವರು ಚೀಟಿ ಬರೆದುಕೊಳ್ಳುವವರಲ್ಲ. ಭಾನುವಾರದ ಗದ್ದಲದಲ್ಲೂ 4 ಟೇಬಲ್ಲಿನ 16 ಜನರ ಆರ್ಡರನ್ನು ತಲೆಯಲ್ಲೇ ಹೊತ್ತು ಭಟ್ಟಿಯ ಹತ್ತಿರ ಹೋಗಿ ಕೂಗುತ್ತಾರೆ. ದೋಸೆ ಬಂದ ಮೇಲೆ ಯಾರ ಮುಂದೆ ಯಾವುದನ್ನು ಇಡಬೇಕೋ ಅದನ್ನೇ ಇಡುತ್ತಾರೆ. ಅಂಥವರು ಒಂದು ಗುರುವಾರ ಬೆಳಿಗ್ಗೆ ತಮ್ಮ 74 ವರ್ಷದ ತಂದೆಗೆ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಅರ್ಧ ಗಂಟೆಯೊಳಗೆ 2 ಸಲ ಕೊಟ್ಟರು. ಒಂಬತ್ತೂವರೆ ಹೊತ್ತಿಗೆ ತಂದೆಯ ಮೈ ಬೆವರಿ, ಕೈ ನಡುಗಿ, ಮಾತು ತೊದಲತೊಡಗಿತು. ಸೊಸೆ ಗ್ಲುಕೋಮೀಟರ್‌ನಲ್ಲಿ ನೋಡಿದರೆ ರಕ್ತದ ಸಕ್ಕರೆ 52.

ಆ ಹೊತ್ತಿನಲ್ಲಿ ಸೊಸೆ ಮಾಡಿದ್ದು ಸರಿಯಾಗಿತ್ತು, ಆದ್ದರಿಂದ ಇಲ್ಲೇ ಬರೆಯಬೇಕು. ಸಕ್ಕರೆ ಅಂಶ 70ಕ್ಕಿಂತ ಕೆಳಗಿಳಿದು, ಮನುಷ್ಯನಿಗೆ ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ, 3 ಚಮಚ ಸಕ್ಕರೆಯನ್ನು, ಅಂದರೆ ಸುಮಾರು 15 ಗ್ರಾಂ, ನೀರಿಗೆ ಹಾಕಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೇ ಒಯ್ಯಬೇಕು. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಜಾತಿಯ ಗುಳಿಗೆ ಹೆಚ್ಚಾದಾಗ ಏರಿದ ಸಕ್ಕರೆ ಮತ್ತೆ ಇಳಿಯುವುದುಂಟು, ವಯಸ್ಸಾದವರಲ್ಲಂತೂ ಇದು ಗಂಟೆಗಟ್ಟಲೆ ಕಾಡುತ್ತದೆ. ಹಾಗಾಗಿ ವೈದ್ಯರು ಅವರನ್ನು ಒಂದು ದಿನ ಆಸ್ಪತ್ರೆಯಲ್ಲೇ ಇರಿಸಿಕೊಂಡರು.

ತಂದೆ ಮರುದಿನ ಮನೆಗೆ ಬಂದರು. ಮಗನಿಗೆ ಮಾತ್ರ ನಿದ್ದೆ ಹೋಯಿತು. "ನನ್ನ ತಲಿ ಕೆಟ್ಟೈತಿ ಸಾರ್, ಇದು ಮರೆವಿನ ಕಾಯಿಲೆನೇ ಇರಬೇಕು" ಎಂಬುದು ತೋರಿಸಿಕೊಳ್ಳಲು ಬಂದಾಗ ಅವರು ಹೇಳಿಕೊಂಡ ಮೊದಲ ಮಾತು. ಕೇಳುತ್ತ ಹೋದಾಗ ಇನ್ನೆರಡು ಸಂಗತಿ ಹೊರಬಂದವು. ಹಿಂದಿನ ತಿಂಗಳು ರಾತ್ರಿ 8ರ ಗುಳಿಗೆ 3 ಸಲ ತಪ್ಪಿತ್ತು. ಅದೇ ತಿಂಗಳ ಒಂದು ಭಾನುವಾರ ಹೋಟೆಲಿನಲ್ಲೂ 2 ಟೇಬಲ್ಲಿನ ಆರ್ಡರ್ ಅದಲುಬದಲಾಗಿ, ಯಜಮಾನರು ಎಲ್ಲರೆದುರೇ ಬೈದಿದ್ದರು.

ಕಾಯಿಲೆಯೇ ಎಂದು ನೋಡಿದ್ದು

ಮರೆವು ಎಂದು ಬಂದವರನ್ನು "ಟೆನ್ಷನ್ ಅಷ್ಟೇ" ಎಂದು ಬೆನ್ನು ತಟ್ಟಿ ಕಳಿಸುವುದು ತಪ್ಪು. ಥೈರಾಯ್ಡ್ ಕಡಿಮೆಯಾದರೆ, ವಿಟಮಿನ್ ಬಿ12 ಇಳಿದರೆ, ಖಿನ್ನತೆ ಕವಿದರೆ, ಕುಡಿತ ಹೆಚ್ಚಾದರೆ, ನಿದ್ದೆ ಕೆಟ್ಟರೆ ನೆನಪು ಮಂಕಾಗುತ್ತದೆ, ಇವೆಲ್ಲಕ್ಕೂ ಚಿಕಿತ್ಸೆಯಿದೆ. ಇವರಿಗೆ ಥೈರಾಯ್ಡ್ ಸರಿಯಿತ್ತು, ಬಿ12 ಸ್ವಲ್ಪ ಕಡಿಮೆಯಿದ್ದುದರಿಂದ ಅದಕ್ಕೆ ಔಷಧ ಶುರುವಾಯಿತು. ಕುಡಿತವಿಲ್ಲ. ಮನಸ್ಸು ಕುಗ್ಗಿದ್ದು ಗುಳಿಗೆಯ ಘಟನೆಯ ನಂತರವೇ ಹೊರತು ಮೊದಲಲ್ಲ. ನಿದ್ದೆಯ ಲೆಕ್ಕ ಮಾತ್ರ ಕೆಟ್ಟಿತ್ತು: ರಾತ್ರಿ ಹನ್ನೊಂದೂವರೆಗೆ ಮಲಗಿ ನಾಲ್ಕೂವರೆಗೆ ಏಳುತ್ತಿದ್ದರು, ಅದೂ ವರ್ಷಗಳಿಂದ.

ಅಂಕಿಗಳನ್ನು ಒಂದೊಂದಾಗಿ ಹೇಳಿ ತಿರುಗಿ ಹೇಳಿಸಿದಾಗ 7 ಅಂಕಿ ನೇರವಾಗಿ, 5 ಅಂಕಿ ಹಿಂದಿನಿಂದ ಮುಂದಕ್ಕೆ ಹೇಳಿದರು. ಕೊಟ್ಟ 5 ಪದಗಳಲ್ಲಿ 5 ನಿಮಿಷದ ನಂತರ 4 ತಾವಾಗಿ ನೆನಪಾದವು, ಉಳಿದೊಂದು ಸುಳಿವು ಕೊಟ್ಟಾಗ ಬಂತು. ಗಡಿಯಾರದ ಚಿತ್ರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಲು ತೊಂದರೆಯಾಗಲಿಲ್ಲ. ಇವು ಆರೋಗ್ಯವಂತ ಮೆದುಳಿನ ಉತ್ತರಗಳು.

ಇದಕ್ಕಿಂತ ದೊಡ್ಡ ಸುಳಿವು ಅವರ ಮಾತಿನಲ್ಲೇ ಇತ್ತು. ಯಾವ ದಿನ, ಎಷ್ಟು ಹೊತ್ತಿಗೆ, ಏನು ತಪ್ಪಿತು ಎಂದು ಅವರು ಸಾಲಾಗಿ ಹೇಳಿದರು. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಶುರುವಾದವರಲ್ಲಿ ಸಾಮಾನ್ಯವಾಗಿ ಮರೆತದ್ದೇ ಮರೆತಿರುತ್ತದೆ. ಚಿಂತೆ ಮನೆಯವರಿಗಿರುತ್ತದೆ, ಅವರಿಗಿರುವುದಿಲ್ಲ. ಕೇಳಿದ್ದನ್ನೇ ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಾರೆ. ದಿನಾ ಓಡಾಡುವ ಗಡಿಯಾರ ಕಂಬದ ಹತ್ತಿರ ನಿಂತು ಮನೆಯ ದಾರಿ ಯಾವುದೆಂದು ತಡವರಿಸುತ್ತಾರೆ. ನಲವತ್ತು ವರ್ಷ ಮಾಡಿದ ಸಾರಿಗೆ ಏನು ಹಾಕಬೇಕೆಂದು ನಿಲ್ಲುತ್ತಾರೆ. ಇಂಥದ್ದು ಕಂಡರೆ ತಡ ಮಾಡದೆ ತೋರಿಸಬೇಕು. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

16 ಆರ್ಡರ್ ತಲೆಯಲ್ಲಿ ಕೂರುವ ಬಗೆ

ಅವರ ಪ್ರಶ್ನೆ ಒಂದೇ: ಅಷ್ಟು ದೋಸೆ ನೆನಪಿಡುವ ತಲೆ ಒಂದು ಗುಳಿಗೆಯನ್ನು ಹೇಗೆ ಬಿಟ್ಟಿತು? ನೆನಪೆಂದರೆ ಒಂದು ಹಂಡೆ, ತುಂಬಿದ್ದರೆ ಎಲ್ಲದಕ್ಕೂ ಸಿಗುತ್ತದೆ, ತೂತು ಬಿದ್ದರೆ ಎಲ್ಲವೂ ಸೋರುತ್ತದೆ ಎಂಬ ತಿಳಿವಳಿಕೆ ಆ ಪ್ರಶ್ನೆಯ ಹಿಂದಿದೆ. ಮನಸ್ಸು ಹಾಗಿಲ್ಲ. ಅದನ್ನು ಅವರಿಗೆ ಅವರ ಕೆಲಸದಿಂದಲೇ ತೋರಿಸಬೇಕಾಯಿತು.

ಆ ಕ್ಷಣಕ್ಕೆ ಬೇಕಾದ್ದನ್ನು ಹಿಡಿದಿಟ್ಟುಕೊಳ್ಳುವ ಜಾಗ ಬಹಳ ಚಿಕ್ಕದು. 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಅಲ್ಲಿ 7, ಹೆಚ್ಚುಕಡಿಮೆ 2, ಸಂಗತಿಗಳು ಹಿಡಿಯುತ್ತವೆ ಎಂದರು. 2001ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ ಅದನ್ನು ಸುಮಾರು 4ಕ್ಕೆ ಇಳಿಸಿದರು. ಕೇಳಿದ ಮಾತನ್ನು ಒಳಗೊಳಗೇ ಹೇಳಿಕೊಳ್ಳುತ್ತ ಉಳಿಸಿಕೊಳ್ಳುವ ಒಂದು ಸುತ್ತು ಇದರೊಳಗಿದೆ. ಸುಮಾರು 2 ಸೆಕೆಂಡಿನಲ್ಲಿ ಎಷ್ಟು ಹೇಳಿಕೊಳ್ಳಬಹುದೋ ಅಷ್ಟೇ ಅದರ ಅಳತೆ. ವೇಲ್ಸ್ ಭಾಷೆಯಲ್ಲಿ ಅಂಕಿಗಳ ಹೆಸರು ಹೇಳಲು ಹೆಚ್ಚು ಹೊತ್ತು ಬೇಕಾಗುವುದರಿಂದ ಆ ಭಾಷೆಯಲ್ಲಿ ನೆನಪಿಡುವ ಅಂಕಿಗಳೂ ಕಡಿಮೆಯಾಗುತ್ತವೆ ಎಂಬುದು 1980ರಲ್ಲೇ ಪ್ರಕಟವಾದ ಸಂಗತಿ. ನಮ್ಮ ಒಂದು, ಎರಡು, ಮೂರು, ನಾಲ್ಕು ಎಲ್ಲವೂ ಕನಿಷ್ಠ ಎರಡು ಉಚ್ಚಾರದ ಪದಗಳು. ಕನ್ನಡವನ್ನೇ ಆಡುವವರೂ ಫೋನ್ ನಂಬರನ್ನು ಇಂಗ್ಲಿಷಿನಲ್ಲಿ ಹೇಳಲು ಇದೂ ಒಂದು ಕಾರಣವಿರಬಹುದು.

4 ಸಂಗತಿ ಹಿಡಿಯುವ ಜಾಗದಲ್ಲಿ 16 ಆರ್ಡರ್ ಹಿಡಿಸಲು ಗಂಟು ಕಟ್ಟಬೇಕು. ಇವರು ಕಟ್ಟುವ ಗಂಟನ್ನು ಹೋಟೆಲಿನಲ್ಲೇ ನೋಡಿ ಬರೆದುಕೊಂಡಿದ್ದು ಹೀಗಿದೆ. ಟೇಬಲ್ಲಿನ ಹತ್ತಿರ ಬಂದಾಗ ಬಾಗಿಲ ಕಡೆಯ ಕುರ್ಚಿಯಿಂದ ಶುರುಮಾಡಿ ಬಲಕ್ಕೆ ಸುತ್ತುತ್ತಾರೆ, ಈ ಕ್ರಮ ಎಂದೂ ತಪ್ಪುವುದಿಲ್ಲ. ಎಲ್ಲರೂ ಬೆಣ್ಣೆ ದೋಸೆಯೇ ಎಂದು ಮೊದಲೇ ಹಿಡಿದಿರುತ್ತಾರೆ. ಬೇರೆ ಹೇಳಿದವರನ್ನಷ್ಟೇ ಗುರುತು ಹಾಕುತ್ತಾರೆ: ಗೋಡೆ ಕಡೆಯವರಿಗೆ ಓಪನ್ ದೋಸೆ, ಕನ್ನಡಕದವರಿಗೆ ಖಾಲಿ ದೋಸೆ. ಅಲ್ಲಿಗೆ 4 ಜನರ ಟೇಬಲ್ಲು 1 ಗಂಟಾಯಿತು, 4 ಟೇಬಲ್ಲು 4 ಗಂಟು. ಭಟ್ಟಿಗೆ ಬಂದು ಇದನ್ನೇ ಲೆಕ್ಕವಾಗಿ ಕೂಗುತ್ತಾರೆ, "ಹನ್ನೊಂದ್ ಬೆಣ್ಣೆ, ಮೂರ್ ಓಪನ್, ಎರಡ್ ಖಾಲಿ". ದೋಸೆ ಮಾಸ್ಟರಿಗೆ ಯಾರು ಎಲ್ಲಿ ಕೂತಿದ್ದಾರೆಂಬುದು ಬೇಕಿಲ್ಲ, ಲೆಕ್ಕ ಸಾಕು. ತಟ್ಟೆ ಹೊತ್ತು ತಿರುಗಿದಾಗ ಕುರ್ಚಿಗಳೇ ಉಳಿದದ್ದನ್ನು ಹೇಳುತ್ತವೆ. ಅಂದರೆ ಅರ್ಧ ನೆನಪು ಅವರ ತಲೆಯಲ್ಲಿದೆ, ಅರ್ಧ ಟೇಬಲ್ಲಿನ ಮೇಲಿದೆ.

1980ರ ದಶಕದಲ್ಲಿ ಮನಶ್ಶಾಸ್ತ್ರಜ್ಞರಾದ ಆಂಡರ್ಸ್ ಎರಿಕ್ಸನ್ ಮತ್ತು ಪೀಟರ್ ಪೋಲ್ಸನ್ ಅಮೆರಿಕದ ಒಬ್ಬ ಸಪ್ಲೈಯರನ್ನು ಹೀಗೆಯೇ ಅಧ್ಯಯನ ಮಾಡಿದರು. ಬರಹಗಳಲ್ಲಿ ಅವರನ್ನು ಜೆ.ಸಿ. ಎಂದು ಕರೆಯಲಾಗಿದೆ. 20 ಜನರ ಊಟದ ಆರ್ಡರನ್ನು ಬರೆಯದೆ ಒಯ್ಯುತ್ತಿದ್ದ ಅವರೂ ನಾಲ್ಕು ನಾಲ್ಕಾಗಿ ಗಂಟು ಕಟ್ಟುತ್ತಿದ್ದರು, ಸಲಾಡಿಗೆ ಹಾಕುವ ಸಾಸುಗಳ ಮೊದಲಕ್ಷರ ಜೋಡಿಸಿ ಒಂದು ಪದ ಮಾಡಿಕೊಳ್ಳುತ್ತಿದ್ದರು. ಎಷ್ಟೋ ದೂರದ ಇಬ್ಬರು, ಒಬ್ಬರನ್ನೊಬ್ಬರು ಕಾಣದೆ ಒಂದೇ ಉಪಾಯಕ್ಕೆ ಬಂದದ್ದು ಸುಮ್ಮನೆ ಅಲ್ಲ. ಇಬ್ಬರಿಗೂ ಇರುವ ಜಾಗ ಅಷ್ಟೇ.

ಇದನ್ನು ಖಚಿತಪಡಿಸಿಕೊಳ್ಳಲು ಒಂದು ಸಣ್ಣ ಪರೀಕ್ಷೆ ಮಾಡಲಾಯಿತು. ಕಾಗದದ ಮೇಲೆ 4 ಟೇಬಲ್, 16 ಕುರ್ಚಿ ಬರೆದು ಒಂದೊಂದು ಕುರ್ಚಿಗೆ ಒಂದೊಂದು ತಿಂಡಿ ಹೇಳಿದಾಗ 16ಕ್ಕೆ 16 ಸರಿ, ಎರಡು ಸಲವೂ. ಅವೇ ತಿಂಡಿಗಳನ್ನು ಕುರ್ಚಿಯಿಲ್ಲದೆ, ಬರೀ 16 ಹೆಸರುಗಳ ಜೊತೆ ಓದಿದಾಗ 7 ಮಾತ್ರ. ಚದುರಂಗದ ಪಳಗಿದ ಆಟಗಾರರ ಮೇಲೆ 1973ರಲ್ಲಿ ಸಂಶೋಧಕರಾದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಕಂಡದ್ದೂ ಇದೇ: ನಿಜವಾದ ಆಟದ ಮಣೆಯನ್ನು 5 ಸೆಕೆಂಡು ನೋಡಿ ಜೋಡಿಸುವವರು, ಕಾಯಿಗಳನ್ನು ಮನಬಂದಂತೆ ಇಟ್ಟಾಗ ಸಾಮಾನ್ಯ ಆಟಗಾರರ ಸಮಕ್ಕೆ ಬಂದರು. ಇವರಲ್ಲಿ 19 ವರ್ಷದಲ್ಲಿ ಬೆಳೆದದ್ದು ನೆನಪಿನ ಶಕ್ತಿಯಲ್ಲ, ಕುರ್ಚಿ ಸುತ್ತುವ ಕ್ರಮ. ಈ ಮಾತು ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಭಾನುವಾರದ ತಪ್ಪನ್ನು ತಾವೇ ಬಿಡಿಸಿದರು. ಆವತ್ತು ಫ್ಯಾನಿನ ಕೆಳಗೆ ಕೂರಬೇಕೆಂದು ಒಂದು ಸಂಸಾರ ಆರ್ಡರ್ ಕೊಟ್ಟ ಮೇಲೆ ಟೇಬಲ್ ಬದಲಿಸಿತ್ತು. ಅದೇ ಹೊತ್ತಿಗೆ ಮನೆಯಿಂದ ಫೋನ್ ಬಂದು ಇವರು ಮಾತಾಡಿದ್ದರು. ಕುರ್ಚಿಯ ಮೇಲಿದ್ದ ಅರ್ಧ ನೆನಪು ಆ ಸಂಸಾರದ ಜೊತೆ ಎದ್ದುಹೋಯಿತು. ಬಾಯಲ್ಲಿ ಸುತ್ತುತ್ತಿದ್ದ ಉಳಿದರ್ಧವನ್ನು ಫೋನಿನ ಮಾತು ಅಳಿಸಿತು.

ಗುಳಿಗೆ ಬೇರೆ ಜಾತಿಯ ಕೆಲಸ

ಗುಳಿಗೆ ಕೊಡುವುದರಲ್ಲಿ ಹಿಡಿದಿಡಬೇಕಾದ್ದು ಬಹಳಿಲ್ಲ. ಆದರೆ ಎರಡು ಕಷ್ಟಗಳಿವೆ.

ರಾತ್ರಿಯ ಗುಳಿಗೆ ತಪ್ಪುವುದು ಮುಂದೆ ಮಾಡಬೇಕಾದ್ದನ್ನು ನೆನಪಿಡುವ ಕೆಲಸದಲ್ಲಿ ಆಗುವ ಲೋಪ. ಇದರಲ್ಲಿ ಎರಡು ಬಗೆ. "ಟೇಬಲ್ಲಿಗೆ ಗಿರಾಕಿ ಕೂತರೆ ನೀರು ಇಡು" ಎಂಬುದಕ್ಕೆ ಗಿರಾಕಿಯೇ ಸುಳಿವು, ಕಣ್ಣಿಗೆ ಬಿದ್ದೊಡನೆ ಕೈ ನೀರಿನ ಲೋಟಕ್ಕೆ ಹೋಗುತ್ತದೆ. "8 ಗಂಟೆಗೆ ಗುಳಿಗೆ ಕೊಡು" ಎಂಬುದಕ್ಕೆ ಹೊರಗಿನ ಸುಳಿವಿಲ್ಲ, ಮನಸ್ಸು ತಾನೇ ನಡುನಡುವೆ ಗಡಿಯಾರ ನೋಡಿಕೊಳ್ಳುತ್ತಿರಬೇಕು. ಎರಡನೆಯದು ಎಲ್ಲ ವಯಸ್ಸಿನವರಿಗೂ ಕಷ್ಟ, ದಿನವಿಡೀ ನಿಂತು ದುಡಿದು ಬಂದವರಿಗೆ ಇನ್ನೂ ಕಷ್ಟ. ಇದನ್ನು ವಿವರಿಸುವಾಗ ಪಕ್ಕದಲ್ಲಿ ಕೂತಿದ್ದ ತಂದೆ ತಲೆಯಾಡಿಸಿದರು. ಅವರು ಹತ್ತಿ ಗಿರಣಿಯಲ್ಲಿ ದುಡಿದವರು. ಸೈರನ್ ಕೂಗಿದರೆ ಬುತ್ತಿ ಬಿಚ್ಚುವುದು, ಮತ್ತೆ ಕೂಗಿದರೆ ಏಳುವುದು. ಗಿರಣಿ ಇರುವವರೆಗೆ ವಾಚು ಕಟ್ಟಿರಲಿಲ್ಲವಂತೆ.

ಎರಡು ಸಲ ಕೊಟ್ಟದ್ದು ಇದಕ್ಕೆ ಉಲ್ಟಾ ತಪ್ಪು. ಆ ಗುರುವಾರದ 30 ನಿಮಿಷವನ್ನು ನಿಧಾನವಾಗಿ ಹೇಳಿಸಿದಾಗ ಸಿಕ್ಕಿದ್ದು ಇಷ್ಟು. 6 ಗಂಟೆಗೆ ಗ್ಯಾಸ್ ಕಟ್ಟೆಯ ಮೇಲಿನ ಗೂಡಿನಿಂದ ಸ್ಟ್ರಿಪ್ ತೆಗೆದು, ಒಂದು ಗುಳಿಗೆ ಬಿಡಿಸಿ, ತಂದೆಯ ಕೈಗೆ ಹಾಕಿ ನೀರು ಕೊಟ್ಟರು. ಸ್ಟ್ರಿಪ್ಪನ್ನು ಗೂಡಿಗೆ ಇಡುವ ಮೊದಲೇ ಹೋಟೆಲಿನಿಂದ ಫೋನ್, ಮಾತಾಡುತ್ತಿರುವಾಗ ಹಾಲು ಉಕ್ಕಿತು. ಒಲೆ ಒರೆಸಿ ತಿರುಗಿದರೆ ಕಟ್ಟೆಯ ಮೇಲೆ ಸ್ಟ್ರಿಪ್ ಕಂಡಿತು. ದಿನವೂ ಸ್ಟ್ರಿಪ್ ಹೊರಗಿದ್ದರೆ ಅರ್ಥ ಒಂದೇ, ಇನ್ನೂ ಕೊಟ್ಟಿಲ್ಲ. ಕೊಟ್ಟರು.

ಒಂದೇ ಕೆಲಸವನ್ನು ಒಂದೇ ಜಾಗದಲ್ಲಿ ನೂರಾರು ಬೆಳಿಗ್ಗೆ ಮಾಡಿದಾಗ ಅದು ರೂಢಿಯ ಕೈಗೆ ಹೋಗುತ್ತದೆ. ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಭಾಗ ಅದನ್ನು ನಡೆಸುತ್ತದೆ. ಇವತ್ತಿನ ಘಟನೆಯನ್ನು ಇವತ್ತಿನದೆಂದು ದಾಖಲಿಸುವ ಮೆದುಳಿನ ಭಾಗವಾದ ಹಿಪ್ಪೊಕ್ಯಾಂಪಸ್‌ಗೆ ಗಮನ ಬೇಕು, ರೂಢಿಯ ಕೆಲಸದಲ್ಲಿ ಆ ಗಮನ ಬೇರೆಲ್ಲೋ ಇರುತ್ತದೆ. ಎರಡೂ ಬೇರೆ ಬೇರೆ ಎಂಬುದನ್ನು ಹೆನ್ರಿ ಮೊಲೈಸನ್ ಎಂಬ ಅಮೆರಿಕದ ರೋಗಿಯಿಂದ ಜಗತ್ತು ಕಲಿಯಿತು. ಮೂರ್ಛೆರೋಗಕ್ಕೆಂದು 1953ರಲ್ಲಿ ನಡೆದ ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ಹೆಚ್ಚಿನ ಭಾಗ ಹೋದ ಮೇಲೆ ಅವರಿಗೆ ಹೊಸ ಘಟನೆ ಯಾವುದೂ ನಿಲ್ಲುತ್ತಿರಲಿಲ್ಲ. ಆದರೂ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತಿದ್ದುವುದನ್ನು ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಕಲಿಸಿದಾಗ ಅವರ ಕೈ ದಿನದಿಂದ ದಿನಕ್ಕೆ ಪಳಗಿತು, ನಿನ್ನೆ ಮಾಡಿದ್ದೆನೆಂಬುದು ನೆನಪಿಲ್ಲದೆಯೇ.

ಹಾಗಾಗಿ "ಕೊಟ್ಟೆನೇ?" ಎಂದು ಕೇಳಿಕೊಂಡಾಗ ಮನಸ್ಸು ಎತ್ತಿಕೊಡುವುದು ನೂರು ಬೆಳಿಗ್ಗೆಗಳ ಒಂದೇ ಚಿತ್ರ. ಅದು ಇವತ್ತಿನದೋ ನಿನ್ನೆಯದೋ ಎಂದು ಅದರ ಮೇಲೆ ಬರೆದಿರುವುದಿಲ್ಲ. ಗ್ಯಾಸ್ ಆಫ್ ಮಾಡಿದೆನೇ, ಬೀಗ ಹಾಕಿದೆನೇ ಎಂದು ಬಸ್ ಸ್ಟ್ಯಾಂಡಿನಿಂದ ವಾಪಸ್ ಓಡುವುದೂ ಇದರಿಂದಲೇ. ತಂದೆಯೂ ತಡೆಯಲಿಲ್ಲ. "ನೀ ಕೊಟ್ಟೆ, ನಾ ತಗಂಡೆ. ಎರಡನೇದು ಬೇರೆ ಗುಳಿಗಿ ಅಂದ್ಕಂಡೆ" ಎಂದರು.

ಮನೆಯಲ್ಲಿ ಬದಲಿಸಿದ್ದು

ನೆನಪನ್ನು ಗಟ್ಟಿ ಮಾಡುವ ಯಾವ ವ್ಯಾಯಾಮವನ್ನೂ ಕೊಡಲಿಲ್ಲ. ನೆನಪಿಗೆ ಕೇಳುತ್ತಿದ್ದ ಪ್ರಶ್ನೆಯನ್ನು ಕಣ್ಣಿಗೆ ಕೇಳುವಂತೆ ಮಾಡುವುದಷ್ಟೇ ಗುರಿ.

7 ದಿನಕ್ಕೆ 2 ಹೊತ್ತಿನಂತೆ 14 ಮನೆಗಳಿರುವ ಪ್ಲಾಸ್ಟಿಕ್ ಗುಳಿಗೆ ಡಬ್ಬಿ ತರಿಸಲಾಯಿತು. ದೊಡ್ಡ ಮೆಡಿಕಲ್ ಶಾಪುಗಳಲ್ಲಿ ಸಿಗುತ್ತದೆ. ಡಬ್ಬಿಯ ಮನೆ ಖಾಲಿಯಿದ್ದರೆ ಕೊಟ್ಟಾಯಿತು, ತುಂಬಿದ್ದರೆ ಕೊಟ್ಟಿಲ್ಲ, ಯಾರೂ ಏನನ್ನೂ ನೆನಪಿಸಿಕೊಳ್ಳಬೇಕಿಲ್ಲ. ಗಾಳಿ, ತೇವ ತಾಗಬಾರದ ಗುಳಿಗೆಗಳನ್ನು ಬಿಡಿಸದೆ, ಸ್ಟ್ರಿಪ್ಪನ್ನು ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿ ಹಾಳೆಯ ಸಮೇತ ಹಾಕಬೇಕು. ಯಾವುದು ಹಾಗೆ ಎಂದು ಅಂಗಡಿಯ ಫಾರ್ಮಸಿಸ್ಟರನ್ನು ಕೇಳಿಯೇ ತುಂಬಬೇಕು. ವಯಸ್ಸಾದವರು ಅವಸರದಲ್ಲಿ ಹಾಳೆಯ ಸಮೇತ ನುಂಗುವ ಅಪಾಯವಿರುವುದರಿಂದ ಕೊಡುವವರೇ ಬಿಡಿಸಿ ಕೈಗೆ ಹಾಕಬೇಕು.

ಗಡಿಯಾರದ ಬದಲು ತಂದೆಯ ತಟ್ಟೆಗೆ ಗುಳಿಗೆಯನ್ನು ಕಟ್ಟಿಹಾಕಲಾಯಿತು. "ಅಪ್ಪನ ತಟ್ಟೆ ಇಟ್ಟ ಕೂಡಲೇ ಡಬ್ಬಿ ತೆಗೀತೀನಿ" ಎಂದು ಬಾಯಿಬಿಟ್ಟು ಹೇಳಿಸಿ ಗಟ್ಟಿ ಮಾಡಿಸಲಾಯಿತು. "ಹೀಗಾದಾಗ ಹೀಗೆ ಮಾಡುತ್ತೇನೆ" ಎಂದು ಮೊದಲೇ ಕಟ್ಟಿಕೊಂಡ ನಿರ್ಧಾರ ಬರೀ "ಇನ್ನು ಮೇಲೆ ಸರಿಯಾಗಿ ಕೊಡ್ತೀನಿ" ಎಂಬ ಸಂಕಲ್ಪಕ್ಕಿಂತ ಚೆನ್ನಾಗಿ ನಡೆಯುತ್ತದೆಂಬುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ಅವರ ಕೆಲಸ ತೋರಿಸಿದೆ. ಬೆಳಗಿನದು ಮಗನ ಪಾಲು, ರಾತ್ರಿಯದು ಸೊಸೆಯ ಪಾಲು. ಒಂದು ಹೊತ್ತಿಗೆ ಇಬ್ಬರಿದ್ದರೆ "ನೀನು ಕೊಟ್ಟಿರ್ತೀಯ ಅಂದ್ಕೊಂಡೆ" ಶುರುವಾಗುತ್ತದೆ. ಕೊಡುವಾಗ "ಇವತ್ತು ಗುರುವಾರ, ಬೆಳಗಿಂದು" ಎಂದು ಜೋರಾಗಿ ಹೇಳುವುದು, ತಂದೆ "ತಗಂಡೆ" ಎನ್ನುವುದು ಕೂಡ ಸೇರಿತು. ರೂಢಿಯ ಕೆಲಸಕ್ಕೆ ಗಮನವನ್ನು ಎಳೆದು ತರಲು ಬಾಯಿಮಾತು ಒಳ್ಳೆಯ ಹಗ್ಗ. ಜಪಾನಿನ ರೈಲ್ವೆ ಸಿಬ್ಬಂದಿ ಸಿಗ್ನಲ್ಲನ್ನು ಬೆರಳಿಟ್ಟು ತೋರಿಸಿ ಕೂಗಿ ಹೇಳುವುದು ಇದಕ್ಕೇ.

ಮೊದಲ ವಾರವೇ ಮೂರು ಕಡೆ ಕೆಟ್ಟಿತು. ಹೇಳದೇ ಇದ್ದರೂ ಅವರು ಮೊಬೈಲಿನಲ್ಲಿ ರಾತ್ರಿ 8ಕ್ಕೆ ಅಲಾರಂ ಇಟ್ಟುಕೊಂಡಿದ್ದರು. ಅದು ಕೂಗುವಾಗ ಅವರು ಬೈಕಿನ ಮೇಲಿರುತ್ತಿದ್ದರು, ಇಲ್ಲವೇ ತರಕಾರಿ ಅಂಗಡಿಯಲ್ಲಿ. ಬಂದ್ ಮಾಡಿ ಮುಂದೆ ಹೋಗುವುದೇ ಎರಡನೇ ದಿನಕ್ಕೆ ರೂಢಿಯಾಯಿತು. ಕೆಲಸ ಮಾಡಲಾಗದ ಜಾಗದಲ್ಲಿ ಕೂಗುವ ಅಲಾರಂ, ಅಲಾರಂ ನಿಲ್ಲಿಸುವುದನ್ನಷ್ಟೇ ಕಲಿಸುತ್ತದೆ. ಡಬ್ಬಿಯನ್ನು ಮಕ್ಕಳ ಕೈಗೆ ಸಿಗಬಾರದೆಂದು ಫ್ರಿಜ್ಜಿನ ಮೇಲೆ ಇಟ್ಟಿದ್ದರು. ಮಕ್ಕಳ ಬಗೆಗಿನ ಎಚ್ಚರ ಸರಿ, ಆದರೆ ಕಣ್ಣಿಗೆ ಬೀಳದ ಡಬ್ಬಿ ಸುಳಿವಾಗುವುದಿಲ್ಲ. ತಟ್ಟೆ ಸ್ಟ್ಯಾಂಡಿನ ಮೇಲ್ಭಾಗಕ್ಕೆ, ದೊಡ್ಡವರ ಕಣ್ಣಿನ ಎತ್ತರಕ್ಕೆ ತಂದ ಮೇಲೆ ಸರಿಹೋಯಿತು.

ಮೂರನೆಯದು ಯಾರೂ ಎಣಿಸಿರದಿದ್ದದ್ದು. ಡಬ್ಬಿಯ ಮೇಲೆ ವಾರಗಳಿಗೆ ಇಂಗ್ಲಿಷಿನ ಮೊದಲಕ್ಷರ ಮಾತ್ರ ಅಚ್ಚಾಗಿತ್ತು. ಅದರಲ್ಲಿ ಎಸ್ ಎರಡು, ಟಿ ಎರಡು. ಮಂಗಳವಾರ ಬೆಳಿಗ್ಗೆ ಮಗ ಗುರುವಾರದ ಮನೆ ತೆರೆದರು. ಸೊಸೆ ರಾತ್ರಿ ನೋಡಿದಾಗ ಮಂಗಳವಾರದ ಬೆಳಗಿನ ಮನೆ ತುಂಬಿಯೇ ಇತ್ತು. ಬೆಳಗಿನ ಗುಳಿಗೆ ತಪ್ಪಿದೆಯೆಂದು ಆಕೆ ಅದನ್ನು ಕೊಟ್ಟಿದ್ದರೆ ಮತ್ತೆ ಆಸ್ಪತ್ರೆಯೇ. ಪುಣ್ಯಕ್ಕೆ ಗಂಡನನ್ನು ಕೇಳಿದರು. ಅಂದೇ ಅಳಿಸದ ಮಾರ್ಕರಿನಲ್ಲಿ ಸೋ, ಮಂ, ಬು, ಗು, ಶು, ಶ, ಭಾ ಎಂದು ಬರೆದು ಮೇಲೆ ಸೆಲ್ಲೋಟೇಪ್ ಅಂಟಿಸಲಾಯಿತು. ತಪ್ಪಿದ ಗುಳಿಗೆಯನ್ನು ಮುಂದಿನ ಹೊತ್ತಿಗೆ ಸೇರಿಸಿ ಕೊಡಬಾರದು, ಅನುಮಾನವಿದ್ದರೆ ಸಕ್ಕರೆ ಗುಳಿಗೆಯನ್ನು ಕೊಡದೆ ವೈದ್ಯರನ್ನು ಕೇಳಬೇಕು ಎಂಬ ಮಾತನ್ನೂ ಡಬ್ಬಿಯ ಹಿಂದೆ ಬರೆಯಲಾಯಿತು.

ಹೋಟೆಲಿನಲ್ಲಿ ಬದಲಿಸಿದ್ದು ಕಡಿಮೆ. ಬೆಳಿಗ್ಗೆ 8ರಿಂದ 11ರವರೆಗೆ ಫೋನು ಗಲ್ಲಾದಲ್ಲಿ. ಯಾರಾದರೂ ಕರೆದರೆ ಕೈ ತೋರಿಸಿ, ಹೊತ್ತಿರುವ ಆರ್ಡರನ್ನು ಭಟ್ಟಿಗೆ ಕೂಗಿದ ಮೇಲೆಯೇ ಮಾತು. ಕುರ್ಚಿ ಬದಲಿಸಿದ ಟೇಬಲ್ಲಿಗೆ ಆರ್ಡರ್ ಹೊಸದಾಗಿ ಕೇಳುವುದು. ಗಿರಾಕಿ ಗೊಣಗಿದರೂ ಸರಿ. ಮಧ್ಯಾಹ್ನದ ಬಿಡುವಿನಲ್ಲಿ 25 ನಿಮಿಷ ಮಲಗುವುದು, ರಾತ್ರಿ ಹತ್ತೂವರೆಗೆ ದೀಪ ಆರಿಸುವುದು. ನಿದ್ದೆ ಒಟ್ಟು ಆರೂವರೆ ಗಂಟೆಯ ಹತ್ತಿರ ಬಂತು. ಇನ್ನೂ ಬೇಕು, ಆದರೆ ಹೋಟೆಲಿನ ಕೆಲಸದಲ್ಲಿ ಅಷ್ಟು ಸಿಕ್ಕಿದ್ದೇ ದೊಡ್ಡದು.

8 ವಾರದ ನಂತರ ನೋಡಿದಾಗ ಎರಡು ಸಲ ಕೊಟ್ಟ ತಪ್ಪು ಒಮ್ಮೆಯೂ ಆಗಿರಲಿಲ್ಲ. ತಪ್ಪಿಹೋದದ್ದು 2 ಹೊತ್ತು, ಎರಡೂ ದುಗ್ಗಮ್ಮನ ಜಾತ್ರೆಯ ದಿನಗಳಲ್ಲಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆ ತುಂಬ ನೆಂಟರು. ತಂದೆ ಎಲ್ಲರ ಜೊತೆ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂತಿದ್ದರು. ಅವರ ತಟ್ಟೆ ಸ್ಟ್ಯಾಂಡಿನಿಂದ ಇಳಿಯಲೇ ಇಲ್ಲ, ಹಾಗಾಗಿ ಡಬ್ಬಿಯ ಕಡೆ ಯಾರ ಕೈಯೂ ಹೋಗಲಿಲ್ಲ. ಈಗ ಹಬ್ಬ, ಮದುವೆ, ಊರಿಗೆ ಹೋಗುವ ದಿನಗಳಲ್ಲಿ ಆ ದಿನದ ಎರಡು ಹೊತ್ತಿನ ಗುಳಿಗೆಯನ್ನು ಬೆಳಿಗ್ಗೆಯೇ ಚಿಕ್ಕ ಡಬ್ಬಿಗೆ ಹಾಕಿ ತಂದೆಯ ಎಲೆ ಅಡಿಕೆ ಸಂಚಿಯಲ್ಲಿ ಇಡುತ್ತಾರೆ. ಉಂಡ ಮೇಲೆ ಸಂಚಿ ಬಿಚ್ಚುವುದನ್ನು ಅವರು 50 ವರ್ಷದಿಂದ ತಪ್ಪಿಸಿಲ್ಲ. ಊಟಕ್ಕೆ ಮೊದಲು ತೆಗೆದುಕೊಳ್ಳಬೇಕಾದ ಬೆಳಗಿನ ಗುಳಿಗೆಗೆ ಮಾತ್ರ ಸಂಚಿ ಸಾಲದು, ಅದನ್ನು ಆ ದಿನಗಳಲ್ಲಿ ಮಗ ಎಲೆ ಹಾಕುವ ಮೊದಲೇ ಕೈಯಾರೆ ಕೊಡುತ್ತಾರೆ.